ಉತ್ತಮ ಗುಣಮಟ್ಟದ ಬೂಷ್ಟು

‘ನಾವು ಇಪ್ಪತ್ತು ವರ್ಷಗಳಿಂದ ಉತ್ತಮ ಗುಣಮಟ್ಟದ ಬೂಷ್ಟು ತಯಾರಿಸುತ್ತಿದ್ದೇವೆ. ಗ್ರಾಹಕರು ಕೊಟ್ಟ ಅಳತೆಗೆ ಬೂಷ್ಟು ಮಾಡಿಕೊಡಲಾಗುವುದು.’

ಪೀಣ್ಯದ ಒಂದು ಕಾರ್ಖಾನೆಯ ಪರಿಚಯ ಪತ್ರದ ಮೊದಲ ಸಾಲುಗಳಿವು. ಕಂಪ್ಯೂಟರು ಕನ್ನಡಕ್ಕೆ ತಂದದ್ದು. ‘ಸುಮ್ನೆ ಒಂದ್ಸಲ ಕಣ್ಣಾಡಿಸಿ ಕೊಡಿ ಮೇಡಂ, ಐದು ನಿಮಿಷದ ಕೆಲಸ’ ಎಂದು ನನ್ನ ಫೋನಿಗೆ ಬಂದಿತ್ತು. ಐದು ನಿಮಿಷದ ಕೆಲಸ ಅಂತ ಬಂದದ್ದಕ್ಕೆ ಐದು ಪೈಸೆಯೂ ಬರುವುದಿಲ್ಲ ಅನ್ನುವುದು ಕರಡು ತಿದ್ದುವವರಿಗೆಲ್ಲ ಗೊತ್ತು. ಆದರೂ ಓದಿದೆ. ಬೂಷ್ಟಿಗಾಗಿ ಪೀಣ್ಯಕ್ಕೆ ಹೋಗಬೇಕೆ? ಜುಲೈ ತಿಂಗಳಲ್ಲಿ ಹನುಮಂತನಗರದ ನಮ್ಮ ಮನೆಗೆ ಬಂದರೆ ಬಚ್ಚಲ ಗೋಡೆಯಲ್ಲಿ, ಬೀರುವಿನ ಬೆನ್ನಲ್ಲಿ, ನಮ್ಮ ಯಜಮಾನರ ಚರ್ಮದ ಬೆಲ್ಟಿನ ಮೇಲೆ ಬೇಕಾದಷ್ಟಿದೆ. ಅಳತೆ ಕೊಡುವುದೂ ಬೇಡ.

ಮೂರನೇ ಪುಟದಲ್ಲಿ ‘ಸಾವು ಮತ್ತು ಬೂಷ್ಟು ವಿಭಾಗ’ ಎಂದಿತ್ತು. ಎರಡು ನಿಮಿಷ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು, ಅದು ‘ಡೈ ಅಂಡ್ ಮೌಲ್ಡ್’.

ಕಂಪ್ಯೂಟರನ್ನು ಬೈದು ಫಲವಿಲ್ಲ. ಕೊಳೆಯುವುದಕ್ಕೂ ರೂಪ ಕೊಡುವುದಕ್ಕೂ ಒಂದೇ ಮಾತನ್ನಿಟ್ಟುಕೊಂಡು ಕೂತದ್ದು ಇಂಗ್ಲಿಷು. ಎರಕದ ಮೌಲ್ಡ್ ಲ್ಯಾಟಿನ್ನಿನ ‘ಮಾಡ್ಯುಲಸ್’ನಿಂದ ಫ್ರೆಂಚರ ಬಾಯಲ್ಲಿ ಸವೆದು ಬಂದದ್ದು, ಪುಟ್ಟ ಅಳತೆ ಎಂದು ಅರ್ಥ. ಮಾಡೆಲ್, ಮಾಡ್ಯೂಲ್ ಎಲ್ಲ ಅದರ ದಾಯಾದಿಗಳು. ಬೂಷ್ಟಿನ ಮೌಲ್ಡಿಗೆ ಈ ವಂಶದ ಸೋಂಕೇ ಇಲ್ಲ. ಅದು ‘ಬೂಷ್ಟು ಹಿಡಿ’ ಎಂಬ ಅರ್ಥದ ಹಳೆಯ ಇಂಗ್ಲಿಷ್ ಕ್ರಿಯಾಪದದಿಂದ ಹುಟ್ಟಿದ್ದು, ಸ್ಕ್ಯಾಂಡಿನೇವಿಯಾ ಕಡೆಯ ನಂಟು. ಸಾಲದ್ದಕ್ಕೆ ಮಣ್ಣು ಎಂಬ ಅರ್ಥದ ಮೂರನೆಯ ಮೌಲ್ಡ್ ಬೇರೆ ಇದೆ, ಗಿಡ ಸಾಕುವವರು ಲೀಫ್ ಮೌಲ್ಡ್ ಎಂದು ಚೀಲಗಟ್ಟಲೆ ತರುತ್ತಾರಲ್ಲ, ಅದು. ಅಮೆರಿಕದ ವೆಬ್‌ಸ್ಟರ್ 1828ರ ತನ್ನ ನಿಘಂಟಿನಲ್ಲಿ, ಗೋಲ್ಡ್, ಕೋಲ್ಡ್, ಬೋಲ್ಡ್‌ಗಳಿಗಿಲ್ಲದ ‘ಯು’ ಇದಕ್ಕೇಕೆ ಎಂದು ಆ ಅಕ್ಷರವನ್ನು ಕಿತ್ತುಹಾಕಿದ. ಮೂರನ್ನೂ ಬೇರೆ ಬೇರೆ ಮಾಡುವ ಕೆಲಸ ಮಾತ್ರ ಹಾಗೇ ಉಳಿಯಿತು. ಕಸ ಗುಡಿಸಲು ಬಂದವಳು ಕ್ಯಾಲೆಂಡರ್ ನೇರ ಮಾಡಿ ಹೋದ ಹಾಗೆ.

ನಮ್ಮಲ್ಲಿ ಬೂಷ್ಟು ಬೂಷ್ಟೇ, ಅಚ್ಚು ಅಚ್ಚೇ. ಹೀಗೆ ಹೆಮ್ಮೆಪಡುತ್ತಿರುವಾಗಲೇ ಅಟ್ಟದ ಮೇಲಿನ ಅಮ್ಮನ ಸಕ್ಕರೆ ಅಚ್ಚುಗಳ ನೆನಪಾಯಿತು. ನೆನಪಾಗಬಾರದಿತ್ತು.

ಅಮ್ಮನ ಹತ್ತಿರ ಹದಿನಾಲ್ಕು ಜೊತೆ ಮರದ ಅಚ್ಚುಗಳಿದ್ದವು. ಆನೆ, ಮೀನು, ಮಂಟಪ, ಬಾಳೆಗೊನೆ, ತುಳಸಿಕಟ್ಟೆ, ಎಲ್ಲಕ್ಕಿಂತ ಚೆಂದದ್ದು ಗಿಳಿ. ಸಂಕ್ರಾಂತಿಗೆ ವಾರವಿರುವಾಗಲೇ ಅವು ಅಟ್ಟದಿಂದಿಳಿದು ಬಕೆಟ್ಟಿನಲ್ಲಿ ನೆನೆಯುತ್ತಿದ್ದವು. ಮರ ನೆನೆಯದಿದ್ದರೆ ಸಕ್ಕರೆ ಕಚ್ಚಿಕೊಳ್ಳುತ್ತದೆ. ಆಮೇಲೆ ಎರಡೆರಡು ಹೋಳು ಕೂಡಿಸಿ ದಾರ ಬಿಗಿಯುವುದು ನನ್ನ ಕೆಲಸ. ಅಮ್ಮ ಪಾಕಕ್ಕೆ ಒಂದು ಚಮಚ ಹಾಲು ಹಾಕಿ, ಮೇಲೆ ಬಂದ ಕೊಳೆ ತೆಗೆದು, ಸೋಸಿ, ಸ್ವಲ್ಪ ಸ್ವಲ್ಪವೇ ಸಣ್ಣ ಪಾತ್ರೆಗೆ ಬಗ್ಗಿಸಿ ಕಾಯಿಸುತ್ತಿದ್ದಳು. ನೊರೆಯೆದ್ದು ಬೆಳ್ಳಗೆ ಮಂದವಾಗುವ ಒಂದು ಗಳಿಗೆ ಇದೆ, ಆಗ ಹೊಯ್ಯಬೇಕು. ಮೊದಲಾದರೆ ಅಚ್ಚು ಗಟ್ಟಿಯಾಗದು, ತಡವಾದರೆ ಪಾತ್ರೆಯೇ ಅಚ್ಚು. ಆ ಗಳಿಗೆಗೆ ಹದ ಎಂದು ಹೆಸರು. ಹದ ಕೆಟ್ಟರೆ ಹದಗೆಟ್ಟಿತು. (ಲ್ಯಾಟಿನ್ನಿನ ಆ ಪುಟ್ಟ ಅಳತೆ ಇದೇ ಇರಬಹುದೆ ಎಂದು ಇಲ್ಲೊಂದು ವಿಚಾರ ಮೊಳೆಯಿತು. ಇರಲಿ, ಗಿಳಿಗೆ ಬರುತ್ತೇನೆ.)

1991ರ ಸಂಕ್ರಾಂತಿಯ ಮುಂಚೆ ಎದುರುಮನೆಯಾಕೆ ‘ಒಂದೆರಡು ಅಚ್ಚು ಕೊಡ್ತೀರಾ, ಸಾಯಂಕಾಲ ತಂದುಕೊಡ್ತೀನಿ’ ಎಂದು ಗಿಳಿ, ಆನೆ ಎರಡನ್ನೂ ಒಯ್ದರು. ಸಾಯಂಕಾಲ ಎಂದದ್ದು ಮೂರು ದಿನಕ್ಕೆ ಬಂತು, ಒಂದೇ ಜೊತೆಯಾಗಿ. ‘ಇನ್ನೊಂದು ಒಣಗ್ತಾ ಇದೆ’ ಎಂದರು. ದಾರ ಸುತ್ತಿಯೇ ಕಳಿಸಿದ್ದರಿಂದ ಬಿಚ್ಚಿ ನೋಡದೆ ನೆನೆಹಾಕಿ, ಅಮ್ಮ ಪಾಕ ಹೊಯ್ದಳು. ಕಾಲು ಗಂಟೆ ಕಳೆದು ಬಿಚ್ಚಿದರೆ ಬಲಗಡೆಯಿಂದ ಗಿಳಿ, ಎಡಗಡೆಯಿಂದ ಆನೆ. ಕೊಕ್ಕು ಮುಗಿದಲ್ಲಿ ಸೊಂಡಿಲು ಶುರು. ನಾವು ಮಕ್ಕಳು ಬಿದ್ದು ಬಿದ್ದು ನಕ್ಕೆವು. ಅಮ್ಮ ನಗಲಿಲ್ಲ. ಅದನ್ನು ಬೆಳ್ಳಿ ತಟ್ಟೆಯಲ್ಲಿ ಎಳ್ಳಿನ ಮೇಲೆ ಕೂರಿಸಿ, ಕಬ್ಬು, ಬಾಳೆಹಣ್ಣಿನ ಸಮೇತ ಎದುರುಮನೆಗೇ ಬೀರಲು ನನ್ನನ್ನು ಕಳಿಸಿದಳು. ಅವರು ತಿರುಗಿಸಿ ತಿರುಗಿಸಿ ನೋಡಿ, ‘ಎಷ್ಟು ಚೆನ್ನಾಗಿದೆ! ಹೊಸ ಅಚ್ಚಾ?’ ಎಂದರು.

ಒಣಗುತ್ತಿದ್ದ ಇನ್ನೊಂದು ಜೊತೆ ಒಣಗುತ್ತಲೇ ಉಳಿಯಿತು. ಅವರು ವಿಜಯನಗರಕ್ಕೆ ಮನೆ ಬದಲಾಯಿಸಿದರು, ನಮ್ಮ ಗಿಳಿಯ ಎಡಭಾಗವನ್ನೂ ಆನೆಯ ಬಲಭಾಗವನ್ನೂ ಹೊತ್ತುಕೊಂಡು. ವರ್ಷಗಳ ಮೇಲೆ ಗಾಂಧಿ ಬಜಾರಿನಲ್ಲಿ ಸಿಕ್ಕಾಗ ನಾನು ನಾಚಿಕೆ ಬಿಟ್ಟು ಕೇಳಿದೆ. ‘ಅಯ್ಯೋ, ಈಗ ಯಾರಮ್ಮ ಮನೇಲಿ ಮಾಡ್ತಾರೆ, ಎಲ್ಲಾ ರೆಡಿಮೇಡ್ ಸಿಗುತ್ತಲ್ಲ’ ಎಂದು ನನ್ನ ಕೈಮೇಲೆ ತಟ್ಟಿದರು. ಎಳ್ಳು ತಿಂದು ಒಳ್ಳೆ ಮಾತಾಡಬೇಕಂತೆ. ಕಾಲು ಕೇಜಿ ಎಳ್ಳು ತಿಂದರೂ ಆಕೆಯ ವಿಷಯದಲ್ಲಿ ನನ್ನ ಬಾಯಿಂದ ಒಳ್ಳೆ ಮಾತು ಹೊರಡುವುದಿಲ್ಲ.

ಸರಿ, ಏಣಿ ಹಾಕಿ ಅಟ್ಟ ಹತ್ತಿದೆ. ಹಳೆ ಪಂಚೆಯ ಗಂಟು ಬಿಚ್ಚಿದರೆ ಅಚ್ಚುಗಳೆಲ್ಲ ಮೊಲದ ಮರಿಯ ಹಾಗೆ ಬೆಳ್ಳಗೆ, ಮೆತ್ತಗೆ. ಗಿಳಿಯೊಂದು ಮಾತ್ರ ನಿಜವಾದ ಗಿಳಿಯಂತೆ ಹಸಿರು. ಮೌಲ್ಡಿಗೆ ಮೌಲ್ಡ್! ಏಣಿಯ ಮೇಲೆ ನಿಂತೇ ನನಗೆ ಏನೋ ದೊಡ್ಡ ಅರ್ಥ ಹೊಳೆದಂತಾಯಿತು. ಇಳಿದು ಬರೆದಿಟ್ಟುಕೊಳ್ಳೋಣವೆಂದರೆ ಮೊದಲು ಮೂರು ಸೀನು ಬಂದವು, ಅದರೊಂದಿಗೆ ಅರ್ಥವೂ ಹೋಯಿತು.

‘ತೊಳೀಬೇಡಮ್ಮ, ಪೆನಿಸಿಲಿನ್ ಸಿಕ್ಕಿದ್ದೇ ಹೀಗೆ’ ಎಂದ ಮಗ, ಏಣಿ ಹಿಡಿಯಲು ಬಾರದೆ, ಕೂತಲ್ಲಿಂದಲೇ. 1928ರಲ್ಲಿ ಫ್ಲೆಮಿಂಗ್ ರಜೆ ಮುಗಿಸಿ ಲಂಡನ್ನಿನ ಆಸ್ಪತ್ರೆಯ ತನ್ನ ಪ್ರಯೋಗಾಲಯಕ್ಕೆ ಬಂದು ನೋಡಿದಾಗ, ಬ್ಯಾಕ್ಟೀರಿಯಾ ಬೆಳೆಸಿದ್ದ ಒಂದು ಗಾಜಿನ ತಟ್ಟೆಗೆ ಬೂಷ್ಟು ಹಿಡಿದು ಅದರ ಸುತ್ತಲಿನ ಬ್ಯಾಕ್ಟೀರಿಯಾ ಸತ್ತಿತ್ತು. ಪೆನಿಸಿಲಿನ್ ಎಂಬ ಹೆಸರು ಹೊಳೆಯುವವರೆಗೆ ಅವನೂ ಅದನ್ನು ಬೂಷ್ಟಿನ ರಸ ಎಂದೇ ಕರೆಯುತ್ತಿದ್ದ. ನಿಜ. ಆದರೆ ತಟ್ಟೆ ತೊಳೆಯದೆ ರಜೆಗೆ ಹೋದ ಗಂಡಸನ್ನು ಜಗತ್ತು ಕೊಂಡಾಡಿತು. ನಾನು ಹಾಗೆ ಹೋಗಿದ್ದರೆ ನಮ್ಮತ್ತೆ ಏನನ್ನುತ್ತಿದ್ದರೋ! ನಿಂಬೆ ಹೋಳು, ಉಪ್ಪು ಹಾಕಿ ಹದಿಮೂರು ಜೊತೆಯನ್ನೂ ಉಜ್ಜಿ ಬಿಸಿಲಿಗಿಟ್ಟೆ. ಹದಿಮೂರನೆಯದು ಆ ಗಿಳಿಯಾನೆ.

ಪರಿಚಯ ಪತ್ರದಲ್ಲಿ ಬೂಷ್ಟು ಇದ್ದಲ್ಲೆಲ್ಲ ‘ಅಚ್ಚು’ ಎಂದು ಹಾಕಿ ಕಳಿಸಿದೆ. ಮಾರನೇ ದಿನ ಕಾರ್ಖಾನೆಯವರ ಫೋನು.

‘ಮೇಡಂ, ಅಚ್ಚು ಅಂದ್ರೆ ನಮ್ ಹುಡುಗ್ರು ಸಂಕ್ರಾಂತಿದು ಅಂದ್ಕೊಂಡ್ರು. ಮೌಲ್ಡ್ ಅಂತಾನೇ ಹಾಕ್ಬಿಡಿ.’

‘ಹಾಕ್ತೀನಿ. ಅಂದಹಾಗೆ, ನಿಮ್ಮಲ್ಲಿ ಗಿಳಿಯ ಎಡಭಾಗ ಒಂದು ಮಾಡಿಕೊಡ್ತಾರಾ?’

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

‘ಎಷ್ಟು ಸಾವಿರ ಪೀಸ್ ಬೇಕು ಮೇಡಂ?’