ನಿಮ್ದೂ ಹೋಗೇತೇನ್ರೀ?

ಕರೆಂಟು ಹೋದ ಕೂಡಲೇ ನಮ್ಮ ದಾವಣಗೆರೆಯಲ್ಲಿ ಯಾರೂ ಮೊದಲು ಮೇಣದಬತ್ತಿ ಹುಡುಕುವುದಿಲ್ಲ. ಎದುರು ಮನೆಯ ಕಡೆ ಇಣುಕುತ್ತಾರೆ. ಅಲ್ಲಿ ದೀಪ ಉರಿಯುತ್ತಿದ್ದರೆ ಎದೆ ಧಸಕ್ಕೆನ್ನುತ್ತದೆ. ಫ್ಯೂಸೋ, ಕಟ್ಟದ ಬಿಲ್ಲೋ? ಅಲ್ಲೂ ಕತ್ತಲಾದರೆ ಏನೋ ಸಮಾಧಾನ. ಆದರೂ ಬಾಗಿಲಿಗೆ ಬಂದು ಕೇಳಲೇಬೇಕು, “ನಿಮ್ದೂ ಹೋಗೇತೇನ್ರೀ?”

“ಹೂನ್ರೀ, ಇಡೀ ಲೈನೇ ಹೋಗೇತಿ.”

ಅಲ್ಲಿಂದ ಮಾತು ಶುರು. ಬೇಸಿಗೆಯಲ್ಲಿ ಫ್ಯಾನ್ ನಿಂತ ಮೇಲೆ ಒಳಗೆ ಕೂರೋರು ಯಾರು? ಕುರ್ಚಿಗಳು ಹೊರಗೆ ಬರುತ್ತವೆ. ವೈಫೈ ಇಲ್ಲದ ಹುಡುಗರೂ ಮುಖ ಊದಿಸಿಕೊಂಡು ಬಂದು ಕೂರುತ್ತಾರೆ. ಯಾರೋ ಒಬ್ಬರು ಮಂಡಕ್ಕಿ ಮಿರ್ಚಿ ತರಿಸೋಣ ಅಂದರೆ ಮುಗಿಯಿತು.

ನಮ್ಮೂರಿನ ತಿಂಡಿಗೆ ಕರೆಂಟಿನ ಹಂಗು ಕಮ್ಮಿ ಅನ್ನೋದು ನನಗೆ ಹೊಳೆದದ್ದೇ ಇಂಥ ಸಂಜೆಗಳಲ್ಲಿ. ಮಂಡಕ್ಕಿ ಅರಳುವುದು ಭಟ್ಟಿಯ ಕಾದ ಮರಳಿನಲ್ಲಿ. ಮಂಡಕ್ಕಿ ಭಟ್ಟಿಗಳ ಹೆಸರಲ್ಲೇ ಇಲ್ಲೊಂದು ಬಡಾವಣೆ ಇದೆ. ಮಿರ್ಚಿಗೆ ಬೇಕಾದದ್ದು ಬಾಣಲೆ, ಎಣ್ಣೆ, ಉರಿ. ಬೆಣ್ಣೆ ದೋಸೆಯ ಹಿಟ್ಟು ಹಿಂದಿನ ದಿನವೇ ರುಬ್ಬಿ ಹುಳಿ ಬಂದಿರುತ್ತದೆ, ಎಷ್ಟೋ ಹೋಟೆಲುಗಳಲ್ಲಿ ಕಾವಲಿ ಇನ್ನೂ ಸೌದೆ ಒಲೆಯ ಮೇಲೇ ಇದೆ. ಮನೆಯಲ್ಲಿ ಮಿಕ್ಸಿ, ಓವನ್ನು ಎಲ್ಲ ಕೈಚೆಲ್ಲಿ ಕೂತಾಗ ಬೀದಿಯಲ್ಲಿ ಬೆಣ್ಣೆ ಚುರ್‍ ಅನ್ನುತ್ತಿರುತ್ತದೆ. ಕತ್ತಲಲ್ಲಿ ಮಿರ್ಚಿ ಜಾಸ್ತಿ ರುಚಿ ಅಂತ ನನ್ನ ವಾದ. ಎಷ್ಟು ತಿಂದಿರಿ ಅಂತ ಯಾರಿಗೂ ಕಾಣೋದಿಲ್ವಲ್ಲ!

ಪಂಪ್‌ಸೆಟ್ ನಂಬಿ ಭತ್ತ, ಅಡಿಕೆ ಬೆಳೆಯುವವರ ಮುಂದೆ ಈ ಮಾತು ಆಡಬೇಡಿ, ಬೈಸಿಕೊಳ್ತೀರಿ. ಚಿತ್ರದುರ್ಗದ ನಮ್ಮ ಭಾವನವರಿಗೂ ಇದು ಹಿಡಿಸೋದಿಲ್ಲ. “ಗುಡ್ಡದ ಮೇಲೆ ಅಷ್ಟೆತ್ತರದ ಗಾಳಿಯಂತ್ರ ತಿರುಗ್ತಾ ಅವೆ, ನಮ್ಮನೆ ಫ್ಯಾನ್ ಮಾತ್ರ ನಿಂತೇತಿ” ಅಂತ ಫೋನಿನಲ್ಲಿ ರೇಗುತ್ತಾರೆ. ಆ ಕರೆಂಟು ಗ್ರಿಡ್ಡಿಗೆ ಹೋಗಿ ಊರೂರಿಗೆ ಹಂಚಿಹೋಗುತ್ತೆ ಅಂದರೆ, “ಹಂಗಾದ್ರೆ ಗಾಳಿನಾದ್ರೂ ನಮಗೆ ಬಿಡ್ಲಿ” ಅನ್ನುತ್ತಾರೆ.

ನನಗೆ ಪಾಪ ಅನ್ನಿಸೋದು ಇನ್ವರ್ಟರ್ ಇರುವ ಮನೆಯವರನ್ನು ಕಂಡರೆ. ಬಾಗಿಲು ಹಾಕಿಕೊಂಡು ಟಿವಿ ಮುಂದೆ ಕೂತಿರುತ್ತಾರೆ. ಕರೆಂಟು ಹೋಗಿದ್ದೇ ಗೊತ್ತಿರೋದಿಲ್ಲ. ಬ್ಯಾಟರಿ ಇಳಿದು ಕೀಂಯ್ ಅಂದಾಗಲೇ ಹೊರಗೆ ಬಂದು, “ಎಲ್ಲರದ್ದೂ ಹೋಗೇತಾ?” ಅಂತ ಕೇಳೋದು. ಅಷ್ಟರಲ್ಲಿ ತಟ್ಟೆಯಲ್ಲಿ ಮೆಣಸಿನಕಾಯಿ ತೊಟ್ಟು ಮಾತ್ರ ಉಳಿದಿರುತ್ತವೆ.