ಆ ಎರಡು ಗಾಳಿ ಯಾಕೆ ಒಟ್ಟಿಗೇ ಸೇರಬೇಕು?

ನಿನ್ನೆಯಿಂದ ತಲೆ ಬಿಸಿಯಾಗಿದೆ. ಬರೆದೇ ಬಿಡುತ್ತೇನೆ. ನಿಮಗೆ ಗೊತ್ತಲ್ಲ, ವಿಮಾನ ರಿಪೇರಿಯ ಹ್ಯಾಂಗರ್ ಕೆಲಸ ಬಿಟ್ಟು ಊರಿಗೆ ಬಂದ ಮೇಲೂ ಸೋಗಾನೆಯ ಏರ್‌ಪೋರ್ಟಿಗೆ ವಿಮಾನ ಇಳಿಯುವ ಸದ್ದಾದರೆ ತೋಟದಲ್ಲಿ ಕೆಲಸ ನಿಲ್ಲಿಸಿ ತಲೆ ಎತ್ತುವವನು ನಾನು.

ತಮ್ಮನ ಮಗಳು ಶಿವಮೊಗ್ಗದಲ್ಲಿ ಫಸ್ಟ್ ಪಿಯುಸಿ. ನಿನ್ನೆ ಫಿಸಿಕ್ಸ್ ನೋಟ್ಸ್ ಹಿಡಿದು ಬಂದಳು. ವಿಮಾನ ಹೇಗೆ ಹಾರುತ್ತದೆ ಅನ್ನುವುದಕ್ಕೆ ಅದರಲ್ಲಿ, ರೆಕ್ಕೆಯ ಮೇಲ್ಭಾಗ ಉಬ್ಬಿದೆ, ಅಲ್ಲಿ ಗಾಳಿಗೆ ದಾರಿ ಜಾಸ್ತಿ, ಕೆಳಗಿನ ಗಾಳಿಯ ಜೊತೆ ಒಂದೇ ಹೊತ್ತಿಗೆ ಹಿಂದಿನ ಅಂಚು ಸೇರಬೇಕು, ಅದಕ್ಕೇ ಜೋರಾಗಿ ಓಡುತ್ತದೆ, ಹಾಗಾಗಿ ಮೇಲೆ ಒತ್ತಡ ಇಳಿದು ರೆಕ್ಕೆ ಏಳುತ್ತದೆ ಅಂತ ಬರೆಸಿದ್ದಾರೆ.

"ಯಾಕೆ ಒಟ್ಟಿಗೇ ಸೇರಬೇಕು ದೊಡ್ಡಪ್ಪ?" ಅಂದಳು. ಕ್ಲಾಸಿನಲ್ಲೂ ಕೇಳಿದ್ದಳಂತೆ. ಸುಮ್ನೆ ಬರ್ಕೋ, ಮಾರ್ಕ್ಸ್ ಬರುತ್ತೆ ಅಂದರಂತೆ.

ಅಷ್ಟು ಒಳ್ಳೆಯ ಪ್ರಶ್ನೆ ಅದು. ಸೇರಬೇಕಾಗಿಯೇ ಇಲ್ಲ. ಸೇರುವುದೂ ಇಲ್ಲ! ಕೇಂಬ್ರಿಡ್ಜ್ ಯೂನಿವರ್ಸಿಟಿಯ ಪ್ರೊಫೆಸರ್ ಹೋಲ್ಗರ್ ಬಾಬಿನ್ಸ್ಕಿ ರೆಕ್ಕೆಯ ಸುತ್ತ ಹೊಗೆ ಬಿಟ್ಟು ತೆಗೆದ ವಿಡಿಯೋ ಇದೆ. ಮೇಲಿನ ಹೊಗೆ ಮೊದಲೇ ದಾಟಿ ಹೋಗುತ್ತದೆ, ಕೆಳಗಿನದು ಹಿಂದೆ ಉಳಿಯುತ್ತದೆ. ವೇಗ ಜಾಸ್ತಿಯಾದಲ್ಲಿ ಒತ್ತಡ ಕಡಿಮೆ ಅಂತ 1738ರಲ್ಲಿ ಡೇನಿಯಲ್ ಬರ್ನೌಲಿ ಬರೆದದ್ದು ಸರಿಯೇ. ತಪ್ಪಿರುವುದು ಆ ವೇಗಕ್ಕೆ ಇವರು ಕಟ್ಟಿದ ಕಾರಣದಲ್ಲಿ. ರೆಕ್ಕೆ ಗಾಳಿಯನ್ನು ಬಾಗಿಸಿ ಕೆಳಕ್ಕೆ ತಳ್ಳುತ್ತದೆ, ಗಾಳಿ ರೆಕ್ಕೆಯನ್ನು ಮೇಲಕ್ಕೆತ್ತುತ್ತದೆ. ಹಾಗೆ ಬಾಗುವಾಗಲೇ ಮೇಲೆ ಒತ್ತಡ ಇಳಿದು ವೇಗ ಏರುವುದು. ಚಿಕ್ಕವರಿದ್ದಾಗ ಜೀಪಿನಿಂದ ಕೈ ಚಾಚಿ ಅಂಗೈ ಸ್ವಲ್ಪ ಓರೆ ಮಾಡಿದರೆ ಕೈ ತಾನೇ ಏಳುತ್ತಿತ್ತಲ್ವಾ? ಯಲಹಂಕದ ಏರ್ ಶೋನಲ್ಲಿ ವಿಮಾನಗಳು ತಲೆಕೆಳಗಾಗಿಯೂ ಹಾರುತ್ತವೆ. ಉಬ್ಬಿನ ಕತೆಯೊಂದೇ ನಿಜವಾಗಿದ್ದರೆ ಅವು ಬೀಳಬೇಕಿತ್ತು.

ಮಕ್ಕಳಿಗೆ ಸುಲಭವಾಗಲಿ ಅಂತ ಹಾಗೆ ಹೇಳ್ತಾರೆ ಬಿಡಿ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಸುಲಭ ಮಾಡುವುದು ಬೇರೆ, ಇಲ್ಲದ್ದನ್ನು ಹೇಳುವುದು ಬೇರೆ. ನಾನೂ ಇದನ್ನೇ ಬಾಯಿಪಾಠ ಮಾಡಿ ಪಾಸಾದವನು. ತಪ್ಪು ಅಂತ ಗೊತ್ತಾಗಿದ್ದು ಕೆಲಸಕ್ಕೆ ಸೇರಿ ಎರಡು ವರ್ಷವಾದ ಮೇಲೆ. ಆ ಸಂಕಟ ಇನ್ನೂ ಹೋಗಿಲ್ಲ.

ಬರ್ನೌಲಿಯ ನಿಯಮ ವಿಮಾನದಲ್ಲಿ ನೇರವಾಗಿ ಕೆಲಸ ಮಾಡುವ ಜಾಗ ಪಿಟೋ ಟ್ಯೂಬ್. ನೋಟ್ಸ್‌ನಲ್ಲಿ ಅದರ ಮಾತೇ ಇಲ್ಲ. ಮೂತಿಯ ಹತ್ತಿರ ಎದುರು ಗಾಳಿಗೆ ಬಾಯಿ ತೆರೆದಿರುವ ಸಣ್ಣ ಕೊಳವೆ. ಅದರೊಳಗೆ ನುಗ್ಗಿ ನಿಂತ ಗಾಳಿಯ ಒತ್ತಡಕ್ಕೂ ಹೊರಗಿನ ಒತ್ತಡಕ್ಕೂ ಇರುವ ವ್ಯತ್ಯಾಸದಿಂದ ವೇಗ ಗೊತ್ತಾಗುತ್ತದೆ.

ಅವಳನ್ನು ಕಿಟಕಿ ಹತ್ತಿರ ಕರೆದೆ. ಚಿಲಕದ ತೂತಿಗೆ ಕುಂಬಾರ ಹುಳ ಮಣ್ಣು ಮೆತ್ತಿತ್ತು. 1996ರಲ್ಲಿ ಡೊಮಿನಿಕನ್ ರಿಪಬ್ಲಿಕ್‌ನಿಂದ ಹೊರಟ ಬೋಯಿಂಗ್ 757 ಸಮುದ್ರಕ್ಕೆ ಬಿದ್ದು 189 ಜನ ಸತ್ತರು. ಪಿಟೋ ಟ್ಯೂಬ್ ಕಟ್ಟಿಕೊಂಡು ವೇಗ ತಪ್ಪು ತೋರಿಸಿತ್ತು. ಇಂಥದೇ ಹುಳ ಒಳಗೆ ಗೂಡು ಕಟ್ಟಿರಬೇಕು ಅಂತ ತನಿಖೆಯವರ ಅನುಮಾನ. ವಿಮಾನ ನಿಂತಾಗ ಆ ಕೊಳವೆಗೆ ಕೆಂಪು ಪಟ್ಟಿಯ ಕವರ್ ಹಾಕುವುದು ಹುಳ, ಧೂಳು ಸೇರದಿರಲಿ ಅಂತಲೇ. ಈ ಕೈಯಲ್ಲಿ ಎಷ್ಟು ಸಲ ಹಾಕಿದ್ದೇನೋ.

ಒಣಗಿದ ಆ ಮಣ್ಣನ್ನು ಉಗುರಿನಿಂದ ಮುಟ್ಟಿ ನೋಡಿದಳು. ಆಮೇಲೆ ಕೇಳಿದಳು, "ಪರೀಕ್ಷೇಲಿ ಯಾವ್ದು ಬರೀಲಿ ದೊಡ್ಡಪ್ಪ?"

ಸರಿಯಾದದ್ದೇ ಬರಿ ಅಂದೆ. ಮಾರ್ಕ್ಸ್ ಕೊಡದಿದ್ದರೆ ನಾನೇ ಕಾಲೇಜಿಗೆ ಬಂದು ಮಾತಾಡುತ್ತೇನೆ.