ಯಾವ ಹೊತ್ತಿನ ಆಕಾಶ?

ರೂಮಿಗೆ ಬಣ್ಣ ಹೊಡೆಯಲು ಬಂದ ಪೇಂಟರ್‌ಗೆ ನಾನು ಫೋನಿನಲ್ಲಿ ಹೇಳಿದ್ದು ಇಷ್ಟೇ: "ಆಕಾಶದ ಥರ ಇರಲಿ." ಅವರು "ಆಯ್ತು ಸಾರ್" ಎಂದರು. ಸಂಜೆ ಬಂದು ನೋಡಿದರೆ ನಾಲ್ಕೂ ಗೋಡೆಗೆ ಮೋಡ ಕವಿದಿದೆ. ಗುಡುಗುವುದೊಂದೇ ಬಾಕಿ.

"ಇದೇನು?" ಎಂದೆ. ಅವರು ಮಾತಾಡದೆ ಕಿಟಕಿಯ ಕಡೆ ಬ್ರಶ್ ತೋರಿಸಿದರು. ಹೊರಗೆ ಇಣುಕಿದೆ. ಥೇಟ್ ಗೋಡೆ!

ತಪ್ಪು ಅವರದಲ್ಲ ಬಿಡಿ. ಬಿಸಿಲಿನಲ್ಲಿರುವ ನೀಲಿ ಬೆಳಕು ಗಾಳಿಯಲ್ಲಿ ಜಾಸ್ತಿ ಚದುರುತ್ತದೆ, ಅದಕ್ಕೇ ಹಗಲಿನ ಆಕಾಶ ನೀಲಿ. ಸಂಜೆ ಅದೇ ಬೆಳಕು ದೂರ ಸಾಗಿ ಬರುವಷ್ಟರಲ್ಲಿ ನೀಲಿಯೆಲ್ಲ ದಾರಿಯಲ್ಲೇ ಖರ್ಚಾಗಿ ಕೆಂಪು ಉಳಿಯುತ್ತದೆ. ದಿನಕ್ಕೆ ನಾಲ್ಕು ಸಲ ಬಟ್ಟೆ ಬದಲಿಸುವ ಆಸಾಮಿಯನ್ನು ನಂಬಿ ಗೋಡೆ ಬಳಿಸಿದ್ದು ನಾನು.

"ಶೇಡ್ ಕಾರ್ಡ್ ನೋಡಿ ನಂಬರ್ ಹೇಳೋಕೆ ಏನಾಗಿತ್ತು ನಿಮಗೆ?" ಎಂದಳು ಹೆಂಡತಿ. ನಂಬರಿನಲ್ಲಿ ಏನು ಸೊಗಸಿದೆ ಹೇಳಿ? ನೇರಳೆ, ಗುಲಾಬಿ, ಕಿತ್ತಳೆ, ಬೂದು... ನಮ್ಮ ಬಣ್ಣದ ಹೆಸರುಗಳಲ್ಲಿ ಎಷ್ಟೋ ಹೀಗೆ ಹಣ್ಣು, ಹೂವು, ಬೂದಿಯಿಂದಲೇ ಬಂದವು. "ನೇರಳೆಯಂಥ ಬಣ್ಣ" ಎನ್ನುವುದರಲ್ಲಿನ "ಅಂಥ" ಬಳಸಿ ಬಳಸಿ ಸವೆದುಹೋಗಿದೆ, ಅಷ್ಟೇ.

ಆದರೂ ಕಿತ್ತಳೆ ಎನ್ನಲಿಲ್ಲವಲ್ಲ ಎಂಬುದೊಂದು ಸಮಾಧಾನ. ರಾತ್ರಿ ಚಳಿ ಬೀಳದ ಕಡೆ ಕಿತ್ತಳೆ ಪೂರ್ತಿ ಹಣ್ಣಾದರೂ ಸಿಪ್ಪೆ ಹಸಿರಾಗಿಯೇ ಇರುವುದುಂಟು. ನಮ್ಮ ಪೇಂಟರ್ ಎಷ್ಟು ಪ್ರಾಮಾಣಿಕರು ಎಂದರೆ ಅದನ್ನೂ ನೋಡಿಕೊಂಡೇ ಬಳಿಯುತ್ತಿದ್ದರು.

ಆ ಮೋಡದ ರೂಮಿನಲ್ಲೇ ಕೂತು ರಾತ್ರಿ ಮಗಳು ಹೋಮ್‌ವರ್ಕ್ ತೆಗೆದಳು. ಬಿಟ್ಟ ಸ್ಥಳ ತುಂಬಬೇಕಂತೆ: "______ಯಂತೆ ಕಪ್ಪು."

"ಕಾಗೆ ಅಂತ ಬರಿ," ಎಂದೆ. ಉಪಮೆಯಲ್ಲಿ ಒಮ್ಮೆ ಬಿದ್ದವನಿಗೆ ಬುದ್ಧಿ ಎಲ್ಲಿಂದ ಬರಬೇಕು?

"ಬಿಸಿಲಲ್ಲಿ ಕಾಗೆ ನೀಲಿ ನೀಲಿ ಹೊಳೆಯುತ್ತೆ ಅಪ್ಪಾ. ನೋಡಿಲ್ವಾ?"

ನೋಡಿರಲಿಲ್ಲ. "ಹಾಗಾದ್ರೆ ಇದ್ದಿಲು?"

"ನಾನು ಇದ್ದಿಲೇ ನೋಡಿಲ್ಲ."

ಪೆನ್ಸಿಲ್ ಕಚ್ಚುತ್ತಾ ನನ್ನನ್ನೇ ಸ್ವಲ್ಪ ಹೊತ್ತು ದಿಟ್ಟಿಸಿದಳು. ಆಮೇಲೆ ಸರಸರ ಬರೆದು ಪುಸ್ತಕ ಮುಚ್ಚಿದಳು. ಅವಳು ಮಲಗಿದ ಮೇಲೆ ಸುಮ್ನೆ ತೆಗೆದು ನೋಡಿದೆ.

"ಅಪ್ಪನ ತಲೆಯಂತೆ ಕಪ್ಪು." ಪಕ್ಕದಲ್ಲಿ, ಕಂಸದೊಳಗೆ, ಇನ್ನೂ ಚಿಕ್ಕ ಅಕ್ಷರದಲ್ಲಿ: "ಬಣ್ಣ ಹಚ್ಚಿದ ಮೊದಲ ವಾರ ಮಾತ್ರ."